ದಾರಿಯಲ್ಲಿ ನಿಲ್ಲದ ಗಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಅಂಗಿ ಆಗಲೇ ಬೆನ್ನಿಗೆ ಅಂಟಿದೆ. ತಣ್ಣೀರಣ್ಣ ಹಳೆಯ ಆಂಬುಲೆನ್ಸಿನ ಬಾನೆಟ್ ಎತ್ತಿ, ಇಂಜಿನ್ ತಣ್ಣಗಿಡುವ ರೇಡಿಯೇಟರಿನ ಜಾಲರಿಗೆ ಒಳಗಿನಿಂದ ಹೊರಕ್ಕೆ ನಿಧಾನವಾಗಿ ನೀರು ಬಿಡುತ್ತಾರೆ. ನಿನ್ನೆಯ ಧೂಳು, ಸತ್ತ ಹುಳಗಳು ಕೆಸರಾಗಿ ಇಳಿಯುತ್ತವೆ. ಆತುರದ ಡ್ರೈವರುಗಳು ಮುಂದಿನಿಂದ ಪೈಪು ಹಿಡಿದು ರಭಸವಾಗಿ ತೊಳೆದು, ಕಸವನ್ನೆಲ್ಲ ಇನ್ನೂ ಒಳಕ್ಕೆ ತುರುಕಿಬಿಡುತ್ತಾರೆ. ಹೊರಗೆ ಲಕಲಕ, ಒಳಗೆ ಗಾಳಿಯಾಡಲು ಜಾಗವಿಲ್ಲ.

ಸದಾ ನೀರಿನ ಕ್ಯಾನು ಹಿಡಿದು ಓಡಾಡುವ ಈ ಮೆಕ್ಯಾನಿಕ್‌ಗೆ ಡ್ರೈವರುಗಳೇ ಇಟ್ಟ ಹೆಸರು ತಣ್ಣೀರಣ್ಣ. ಹೆಂಡತಿಯ ದೂರು ಬೇರೆ: ಸೆಕೆಯಲ್ಲಿ ಇಂಜಿನ್ನಿನ ಯೋಗಕ್ಷೇಮ ವಿಚಾರಿಸುವ ಗಂಡ ತನ್ನನ್ನು ಒಂದು ದಿನವೂ ವಿಚಾರಿಸಿದ್ದಿಲ್ಲವಂತೆ.

"ಇಂಥ ಸೆಕೇಲಿ ನಮಗೇ ಉಸಿರು ಎಳೆಯೋಕೆ ಕಷ್ಟ. ಇಂಜಿನ್ನೂ ಹಾಗೇ," ಎನ್ನುತ್ತಾರೆ ತಣ್ಣೀರಣ್ಣ. ಕಾದ ಗಾಳಿ ತೆಳು, ಅದರಲ್ಲಿ ನೀರಾವಿ ಬೇರೆ ಜಾಗ ಹಿಡಿದು ಕೂತಿರುತ್ತದೆ; ಇಂಧನ ಉರಿಯಲು ಬೇಕಾದಷ್ಟು ಗಾಳಿ ಸಾಲದೆ ಇಂಜಿನ್ ಸೊರಗುತ್ತದೆ. ಎ.ಸಿ.ಯ ಭಾರವನ್ನೂ ಅದೇ ಎಳೆಯಬೇಕು. ಏರುದಾರಿ ಬಂತೆಂದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹತ್ತುತ್ತದೆ, ಡ್ರೈವರ್ ಎ.ಸಿ. ಆರಿಸುತ್ತಾನೆ, ಹಿಂದೆ ಮಲಗಿದ ರೋಗಿ ಬೆವರಿನಲ್ಲಿ ತೋಯುತ್ತಾನೆ.

ತಣ್ಣೀರಣ್ಣನ ಬಲಗೈ ಮೇಲೆ ಮೊಣಕೈವರೆಗೂ ಸುಟ್ಟ ಕಲೆ. ಹಿಂದೊಮ್ಮೆ ಕುದಿಯುತ್ತ ಬಂದ ಇದೇ ಗಾಡಿ ಮತ್ತೆ ತುರ್ತಾಗಿ ಹೊರಡಬೇಕಿತ್ತು. ಆರುವವರೆಗೆ ಕಾಯದೆ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದರು. ಗಾಡಿ ಹೋಯಿತು. ಕೈ ಏನಾಯಿತೆಂದು ಯಾರೂ ಕೇಳಲಿಲ್ಲ.

ಆ ರೇಡಿಯೇಟರ್ ಈಗ ಒಳಗೇ ತುಕ್ಕು ಹಿಡಿದಿದೆ, ಬೆಸುಗೆಯ ಮೇಲೆ ಬೆಸುಗೆ. ಹೊಸದು ಕೊಡಿ ಎಂದು ಅಂಗಲಾಚಿ ಅವರಿಗೆ ಸಾಕಾಗಿದೆ. ಕಳೆದ ವಾರ ಮೇಲಧಿಕಾರಿ ಬಂದು ಬೆನ್ನು ತಟ್ಟಿದರು: "ಇದು ಒಂದು ದಿನವೂ ದಾರೀಲಿ ನಿಂತಿಲ್ಲವಲ್ಲಪ್ಪ, ಹೊಸದು ಯಾಕೆ?" ಬದಲಿಗೆ ಗಾಡಿಗೆ ಹೊಸ ಬಣ್ಣ ಬಂತು. ಇದಕ್ಕಿಂತ ಕ್ರೂರವಾದ ಹೊಗಳಿಕೆ ಇದ್ದೀತೆ? ಚೆನ್ನಾಗಿ ದುಡಿದದ್ದೇ ತಪ್ಪಾಯಿತು.

ಒಂದಷ್ಟು ದಿನ ತೊಳೆಯದೆ ಬಿಟ್ಟುಬಿಡಿ, ಏರಿನಲ್ಲಿ ಕೆಟ್ಟು ನಿಂತರೆ ಹೊಸದು ತಾನಾಗಿ ಬರುತ್ತದೆ ಎಂದು ಡ್ರೈವರುಗಳು ಪುಸಲಾಯಿಸುತ್ತಾರೆ. ತಣ್ಣೀರಣ್ಣನಿಗೂ ಹಾಗೆ ಅನ್ನಿಸದೇ ಇಲ್ಲ. ಮೊನ್ನೆ ಪೈಪು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೂಬಿಟ್ಟರಂತೆ. ಆಮೇಲೆ ಎದ್ದು ತೊಳೆದರು.

"ಬಿಡಬಹುದಿತ್ತು," ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ. "ಆದರೆ ಗಾಡಿ ನಿಂತ ದಿನ ಒಳಗೆ ಯಾರು ಮಲಗಿರ್ತಾರೋ. ಆಫೀಸಿನವರಂತೂ ಇರಲ್ಲ."