ಕಂಬದ ತಾವು ಗಾಡಿ ನಿಲ್ತದೆ

ಒದ್ದೆ ಗೋಣಿಯ ವಾಸನೆ ನನಗೆ ಆಗಿಬರುವುದಿಲ್ಲ. ಬೆಂಗಳೂರಿನ ನನ್ನ ಮಗಳ ಮನೆಯೆದುರು ಮೆಟ್ರೋದವರು ಕಂಬ ಎಬ್ಬಿಸಿ, ಅದಕ್ಕೆ ಗೋಣಿತಾಟು ಸುತ್ತಿ, ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತಿದ್ದಷ್ಟು ಕಾಲವೂ ನಾನು ಬೀದಿಕಡೆಯ ಕಿಟಕಿ ಮುಚ್ಚಿಕೊಂಡೇ ಕೂತಿದ್ದೆ. ಧೂಳಿಗೆ ಅಂಜಿ ಮುಚ್ಚಿದ್ದಾಳೆ ಎಂದು ಮಗಳು ತಿಳಿದಳು. ಈಗ ಆ ಕಂಬಗಳ ಮೇಲೆ ರೈಲು ಓಡುತ್ತದೆ, ನಮ್ಮ ಮನೆಯ ನೇರಕ್ಕೇ ನಿಲ್ಲುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಹೆಂಗಸರು ಯಾರ ಹಂಗೂ ಇಲ್ಲದೆ ಹತ್ತಿ ಹೋಗುತ್ತಾರೆ. ಅವರನ್ನು ಕಂಡರೆ ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮವ್ವನಿಗೆ ಸಿಗದೇ ಹೋದದ್ದು ಇವರಿಗೆ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂಬ ಉರಿ ಅದು.

ಮಂಡ್ಯಕ್ಕೂ ಮದ್ದೂರಿಗೂ ನಡುವೆ, ನಾಲೆ ಬಯಲಿನಲ್ಲಿ ನಮ್ಮ ಹಳ್ಳಿ. ತಾತ ಕಟ್ಟಿಸಿದ್ದ ತೊಟ್ಟಿಮನೆಯನ್ನು ಅಪ್ಪನೂ ದೊಡ್ಡಪ್ಪನೂ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಬೆಳಗಿನ ಬಿಸಿಲು ನಮ್ಮ ಪಾಲಿಗೆ, ಸಂಜೆಯದು ಅವರ ಪಾಲಿಗೆ. ಎಮ್ಮೆಗಳು ನಮಗೆ ಬಂದವು, ಎತ್ತು ಗಾಡಿ ಅವರಿಗೆ ಹೋದವು. ಅವ್ವನ ಸಂಕಟ ಶುರುವಾದದ್ದು ಅಲ್ಲಿಂದ. ಅವಳ ತವರು ಮಳವಳ್ಳಿ ಸೀಮೆಯ ಬಂಡೂರು. ಅಲ್ಲಿ ಅಜ್ಜಿ, ಮಾವ, ದೊಡ್ಡಿ ತುಂಬ ಕುರಿ. ತಾಯಿಯನ್ನು ನೋಡಿಬರಬೇಕೆಂದರೆ ಅವ್ವ ಗೋಡೆಯಾಚೆಯ ದೊಡ್ಡವ್ವನ ಹತ್ತಿರ ಹೋಗಿ ಗಾಡಿ ಕೇಳಬೇಕಿತ್ತು. ದೊಡ್ಡವ್ವ ಒಂದು ಸಲವೂ ಇಲ್ಲ ಎಂದವಳಲ್ಲ. "ಯಾವತ್ತಾರ ಇಲ್ಲ ಅಂದಿವ್ನಾ ಕೆಂಪಿ? ಬಾಯ್ಬುಟ್ಟು ಕೇಳ್ಬೇಕಪ್ಪ" ಎಂದು ಬಾವಿಕಟ್ಟೆಯಲ್ಲಿ ನಾಕು ಜನಕ್ಕೆ ಕೇಳಿಸುವ ಹಾಗೆ ಹೇಳುವಳು. ಆ ಎತ್ತುಗಳ ಗೆಜ್ಜೆ ಸದ್ದು ಬಾಗಿಲು ದಾಟಿ ಹೋದ ದಿನ ನಮ್ಮ ಮನೆಯ ಸಾರಿಗೆ ಉಪ್ಪು ಜಾಸ್ತಿಯಾಗುತ್ತಿತ್ತು. ಅಪ್ಪ ಮಜ್ಜಿಗೆ ಕಲಸಿಕೊಂಡು ಉಂಡು ಏಳುತ್ತಿದ್ದ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಓಡದೆಯೂ ಇರುತ್ತಿದ್ದವು. ಅಂಥ ಹೊತ್ತಿನಲ್ಲಿ ನಮ್ಮ ಬಯಲಿನ ಕಬ್ಬನ್ನು ಮಂಡ್ಯದ ಸಕ್ಕರೆ ಕಾರ್ಖಾನೆ ಕಡೆಗೆ ಸಾಗಿಸಲು ಟ್ರಾಲಿ ಲೈನು, ಅಂದರೆ ಪುಟ್ಟ ರೈಲುದಾರಿ, ಬರುತ್ತದೆ ಎಂದಾಯಿತು. ನಾಲೆ, ಗದ್ದೆ, ಹಳ್ಳ ಎಲ್ಲ ಅಡ್ಡ ಇದ್ದುದರಿಂದ ನಮ್ಮೂರ ಹತ್ತಿರ ಕಲ್ಲಿನ ಕಂಬ ಕಟ್ಟಿ, ಅದರ ಮೇಲೆ ಕಂಬಿ ಹಾಸುತ್ತಾರಂತೆ. ನಮ್ಮೂರವರಿಗೆ ಕಂಬ ಎಂದರೆ ಒಂದೇ ಅರ್ಥ. ದೊಡ್ಡ ರಸ್ತೆಯ ತಂತಿಕಂಬದ ಬಳಿ ಬಸ್ಸು ನಿಲ್ಲುತ್ತಿತ್ತು. "ಕಂಬದ ತಾವು ಓಯ್ತೀನಿ" ಎಂದರೆ ಬಸ್ಸಿಗೆ ಹೊರಟರು ಎಂದೇ ಲೆಕ್ಕ. ಹಾಗಾಗಿ ಕಂಬ ಎದ್ದ ಕಡೆಯೆಲ್ಲ ಗಾಡಿ ನಿಲ್ಲುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅಳತೆಗೆ ಬಂದ ಓವರ್‌ಸೀಯರು ನಮ್ಮೆರಡು ಹಿತ್ತಲುಗಳ ನಡುವೆ ನಿಂತು, ಒಂದು ಕಂಬ ಈ ಕಡೆಗಾದರೂ ಆದೀತು, ಆ ಕಡೆಗಾದರೂ ಆದೀತು ಎಂದುಬಿಟ್ಟ. ಸಂಜೆಯೊಳಗೆ ದೊಡ್ಡವ್ವ ಊರೆಲ್ಲ ಸಾರಿ ಬಂದಿದ್ದಳು: "ನಮ್ಮಿತ್ಲಲ್ಲೇ ಗಾಡಿ ನಿಲ್ತದೆ ಕಣ್ರಮ್ಮಿ!"

ಅವ್ವ ಅವತ್ತು ಉಣ್ಣಲಿಲ್ಲ. ಮಾರನೆಯ ದಿನ ಒತ್ತುಶಾವಿಗೆ ಮಾಡಿ, ಕಾಯಿಹಾಲು ಮಾಡಿ, ಓವರ್‌ಸೀಯರನ್ನು ಜಗಲಿಗೆ ಕರೆಸಿದಳು. "ಎತ್ತು ಗಾಡಿ ಎಲ್ಲ ಅವ್ರಿಗೇ ಓಯ್ತು ಸ್ವಾಮಿ. ಕಂಬನಾರ ನಮ್ಗೆ ಕೊಡಿ" ಎಂದು ಕೈಮುಗಿದಳು. ಮಿಕ್ಕವರೆಲ್ಲ ನೆಲ ಹೋದೀತೆಂದು ಅಂಜಿ, ತಮ್ಮ ಜಾಗಕ್ಕೆ ಬೇಡ ಎಂದು ಅವನ ಕಾಲು ಹಿಡಿಯುತ್ತಿದ್ದರು. ಇಲ್ಲೊಬ್ಬಳು ಬೇಕು ಎನ್ನುತ್ತಿದ್ದಾಳೆ! ಆತ ನಗುತ್ತಾ ಒಪ್ಪಿಕೊಂಡ. ನಮ್ಮ ನುಗ್ಗೆಮರ ಹೋಯಿತು, ಅವರೆ ಚಪ್ಪರ ಹೋಯಿತು, ನಾನು ಬುಗುರಿ ಆಡುತ್ತಿದ್ದ ನೆರಳೂ ಹೋಯಿತು. ಕಂಬ ಎದ್ದಿತು. ಗಾರೆ ಒಣಗದಿರಲೆಂದು ಸುತ್ತಿದ ಗೋಣಿಗೆ ಕೆಲಸದವರು ನೀರು ಹಾಕಿ ಹೋದ ಮೇಲೆ ಅವ್ವ ತಾನೂ ಒಂದು ಕೊಡ ಹಾಕುತ್ತಿದ್ದಳು. ಅಷ್ಟು ಆಸೆಯಿಂದ ಅವಳು ತುಳಸಿಗೂ ನೀರೆರೆದದ್ದು ನಾನು ಕಾಣೆ. ದೊಡ್ಡವ್ವ ಒಂದು ವಾರ ನಮ್ಮ ಮನೆ ಕಡೆ ತಿರುಗಿ ನೋಡಲಿಲ್ಲ.

ಮೊದಲ ಗಾಡಿ ಬರುವ ದಿನ ಅವ್ವ ಮಿಂದು, ಮಡಿಕೆ ಮುರಿಯದ ಸೀರೆ ಉಟ್ಟು, ಬಂಡೂರಿಗೆಂದು ನಿಪ್ಪಟ್ಟಿನ ಗಂಟು ಕಟ್ಟಿಕೊಂಡು ನನ್ನ ಕೈಹಿಡಿದು ಕಂಬದ ಬುಡದಲ್ಲಿ ನಿಂತಳು. ಮಂಡ್ಯದಲ್ಲಿಳಿದು ಮಳವಳ್ಳಿ ಕಡೆಯ ಬಸ್ಸು ಹಿಡಿಯುವುದೆಂದು ಅವಳ ಲೆಕ್ಕ. ಮೋಟುಗೋಡೆಯಾಚೆ ನೋಡಿದರೆ ದೊಡ್ಡವ್ವನೂ ಹೊಸ ಸೀರೆ ಉಟ್ಟು, ಗಂಟು ಹಿಡಿದು ನಿಂತಿದ್ದಾಳೆ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಇವಳಿಗೇಕಪ್ಪ ಈ ಆಸೆ ಎಂದು ನನಗೇ ಸಿಟ್ಟು ಬಂತು. ಇಂಜಿನ್ನು ಬಂತು. ನಮ್ಮ ನೆತ್ತಿಯ ಮೇಲೆ ಕಬ್ಬಿನ ಹೊರೆಗಳು ಒಂದರ ಹಿಂದೊಂದು ಗಡಗಡನೆ ಸಾಗಿ, ನಾಲೆ ದಾಟಿ ಹೋದವು. ಮೂರು ಜಲ್ಲೆ ಬಿದ್ದವು, ಅಷ್ಟೆ. ಅವ್ವ ಬಹಳ ಹೊತ್ತು ಕತ್ತೆತ್ತಿಕೊಂಡೇ ಇದ್ದಳು. ಆಮೇಲೆ ಗೋಡೆಯ ಆಚೆ ಈಚೆ ಇಬ್ಬರೂ ತಂತಮ್ಮ ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು.

ಅದಾಗಿ ಕೆಲವೇ ತಿಂಗಳಿಗೆ ಬಂಡೂರಿಂದ ಆಳು ಓಡಿಬಂದ. ಅಜ್ಜಿಗೆ ಉಬ್ಬಸ ಹೆಚ್ಚಾಗಿದೆ, ಮಗಳನ್ನೇ ಕನವರಿಸುತ್ತಿದ್ದಾಳೆ. ಗೋಡೆಯಾಚೆಗೆ ಸುದ್ದಿ ಕೇಳಿಸಿತ್ತು. ದೊಡ್ಡವ್ವ ಹೊಸ್ತಿಲಿಗೆ ಬಂದು ಕೇಳಿದಳು:

"ಗಾಡಿ ಕಟ್ಟುಸ್ಲಾ ಕೆಂಪಿ?"

"ಬ್ಯಾಡ ಕಣಕ್ಕ. ನಂಗೂ ಕಾಲು ಅವೆ, ನಡ್ಕಂಡೇ ಓಯ್ತೀನಿ."

ಬೆಳಕು ಹರಿಯುವಾಗ ಹೊರಟೆವು. ಹಿಂದಿನಿಂದ ಗಾಡಿ ಬಂದು ಹತ್ತಿಸಿಕೊಂಡೀತು ಎಂಬ ಅಂಜಿಕೆಗೆ ಅವ್ವ ಗಾಡಿಜಾಡು ಬಿಟ್ಟು ನಾಲೆ ಏರಿಯ ಕಾಲುದಾರಿ ಹಿಡಿದಳು. ಅವಳು ಅಂಜಿದ್ದು ಸುಳ್ಳಾಗಲಿಲ್ಲ. ದೊಡ್ಡವ್ವ ಮನಸ್ಸು ತಡೆಯದೆ ಗಾಡಿ ಕಟ್ಟಿಸಿಕೊಂಡು ನಮ್ಮನ್ನು ಹುಡುಕುತ್ತಾ ಹೊರಟಿದ್ದಳು. ದಾರಿಯುದ್ದಕ್ಕೂ ನಾವು ಕಾಣದೆ, ಮುಂದೆ ಹೋಗಿರಬೇಕೆಂದುಕೊಂಡು ಬಂಡೂರಿಗೇ ಬಂದುಬಿಟ್ಟಿದ್ದಳು. ಹೊತ್ತು ಇಳಿಯುವಾಗ ನಾವು ಕಾಲು ಬೊಬ್ಬೆ ಬಂದು ಅಲ್ಲಿ ತಲುಪಿದರೆ, ಆ ಎತ್ತುಗಳು ಮಾವನ ಅಂಗಳದಲ್ಲಿ ಹುಲ್ಲು ಮೇಯುತ್ತಿದ್ದವು. ಒಳಗೆ ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿದ್ದರು.

ದೊಡ್ಡವ್ವ ಅಳುತ್ತಾ ಎದ್ದು ಬಂದಳು. "ಕಣ್ಣು ಮಂಜಾಗಿತ್ತು ಕಣಮ್ಮಿ. ಗೆಜ್ಜೆ ಸದ್ದು ಕೇಳಿ, ನೀನೇ ಅನ್ಕಂಡು, ಬಂದ್ಯಾ ಮಗಾ ಅಂದ್ಲು ನಿಮ್ಮವ್ವ. ಏನನ್ಲಿ ನಾನು? ಊಂ ಕಣವ್ವ ಅಂದು ಬಾಯಿಗೆ ನೀರು ಬುಟ್ಟೆ. ಕುಡ್ದು ಕಣ್ಮುಚ್ಕಂಡ್ಲು."

ಅವ್ವ ಕಾರ್ಯ ಮುಗಿಸಿ ಅದೇ ಗಾಡಿಯಲ್ಲಿ, ದೊಡ್ಡವ್ವನ ಪಕ್ಕದಲ್ಲೇ ಕೂತು ಊರಿಗೆ ಬಂದಳು. ಮುಂದೆ ಆ ಲೈನು ಕಿತ್ತುಹೋಯಿತು, ತೊಟ್ಟಿಮನೆಯ ಎರಡೂ ಪಾಲು ಬಿದ್ದುಹೋದವು, ಓರಗಿತ್ತಿಯರಿಬ್ಬರೂ ಮುದುಕಿಯರಾಗಿ ಒಂದೇ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುವ ಕಾಲವೂ ಬಂತು. ಗಾಡಿಯ ವಿಷಯ, ಎತ್ತಿನ ವಿಷಯ ಎಲ್ಲ ಅವ್ವ ನಕ್ಕು ಆಡುತ್ತಿದ್ದಳು. ದೊಡ್ಡವ್ವ ಸತ್ತ ದಿನ ಮಾತ್ರ, ಹೆಣದ ಮುಂದೆ ಗೋಳಾಡಿ ಅತ್ತು ಬಂದವಳು, ಕೈಕಾಲು ತೊಳೆದು ಒಳಗೆ ಕೂತು ನನಗೆ ಮೆಲ್ಲಗೆ ಹೇಳಿದಳು:

"ಎಲ್ಲ ಬುಟ್ಬುಟ್ಟೆ ಕಣವ್ವ. ಆ 'ಊಂ' ಒಂದು ನಂದಾಗಿತ್ತು."