ಗೌಜಲಿಗೆ ಗೆದ್ದಲು ಹಾಕಿದ ವರ್ಷ

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಯುಗಾದಿಗಿಂತ ಅದರ ಮಾರನೆಯ ದಿನವೇ ದೊಡ್ಡದು. ಯುಗಾದಿಗೆ ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಬಾಡಿನ ಊಟ. ಆ ಬಾಡು ಬರೀ ಮನೆಯ ಕೋಳಿಯದ್ದಾದರೆ ಸಾಲದು. ಗಂಡಸರು ಬೆಳಗಿನ ಜಾವ ಗುಡ್ಡಕ್ಕೆ ಹೋಗಿ ಏನಾದರೂ ಬೇಟೆ ತಂದು ಮಡಕೆಗೆ ಹಾಕಬೇಕು. ತಾರದ ಮನೆಯವರನ್ನು ವರ್ಷಪೂರ್ತಿ ಆಡಿಕೊಳ್ಳುತ್ತಿದ್ದರು. ನನ್ನ ವಯಸ್ಸಿನವರಿಗೆ ಇದೆಲ್ಲ ಗೊತ್ತು. ಈಗಿನ ಹುಡುಗಿಯರು ಕೇಳಿ, "ಎಷ್ಟು ಚೆಂದ ಅಲ್ವಾ ಅಜ್ಜಿ" ಅನ್ನುತ್ತಾರೆ. ಚೆಂದ ಗಿಂದ ನನಗೆ ಗೊತ್ತಿಲ್ಲ. ನನಗೆ ನೆನಪಿರುವುದು ಶಿವರಾತ್ರಿಯಿಂದ ಯುಗಾದಿವರೆಗಿನ ಒಂದು ತಿಂಗಳ ಚಾಕರಿ. ಈಗ ನೆನೆಸಿಕೊಂಡರೂ ಸೊಂಟ ನೋಯುತ್ತದೆ.

ನಮ್ಮೂರು ದುದ್ದದಿಂದ ಆಚೆಗೆ. ರಾಗಿ ಹೊಲ, ಹುರುಳಿ ಹೊಲ, ಅದರಾಚೆ ಕುರುಚಲು ಗುಡ್ಡ. ಗುಡ್ಡದ ತುಂಬ ಗೌಜಲಕ್ಕಿ. ಪಟ್ಟೆ ಪಟ್ಟೆ ಬೂದು ಮೈ, ಕೋಳಿಗಿಂತ ಚಿಕ್ಕದು, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬೇಸಿಗೆ ಶುರುವಿಗೆ ಗಂಡು ಗೌಜಲಿಗೆ ಪೊಗರು ಬರುತ್ತದೆ. ತನ್ನ ಜಾಗದಲ್ಲಿ ಇನ್ನೊಂದು ಗಂಡು ಕೂಗಿದರೆ ಕಾಳಗಕ್ಕೆ ಓಡಿ ಬರುತ್ತದೆ. ಅದಕ್ಕೇ ನಮ್ಮ ತಾತ ಒಂದು ಗಂಡನ್ನು ಬಿದಿರು ಗೂಡಿನಲ್ಲಿ ಸಾಕುತ್ತಿದ್ದ. ಹಾಗೆ ಬೇರೆ ಹಕ್ಕಿಗಳನ್ನು ಕೂಗಿ ಕರೆಯಲು ಸಾಕುವ ಹಕ್ಕಿಗೆ ದೀಮ ಅನ್ನುತ್ತಾರೆ. ಗೂಡಿನ ಸುತ್ತ ಕುದುರೆ ಕೂದಲಿನ ಉರುಲು ನೆಟ್ಟರೆ, ಜಗಳಕ್ಕೆ ಬಂದ ಹಕ್ಕಿಯ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕೂದಲು ತರುವುದಷ್ಟೇ ತಾತನ ಕೆಲಸ. ಮಂಡ್ಯಕ್ಕೆ ಹೋಗಿ ಜಟಕಾದವನ ಕೈಲಿ ಬೈಸಿಕೊಂಡು ಒಂದು ಹಿಡಿ ತರುತ್ತಿದ್ದ. ಅದಕ್ಕೆ ಹರಳೆಣ್ಣೆ ಸವರಿ, ತೊಡೆಯ ಮೇಲೆ ಹೊಸೆದು, ನೂರೈವತ್ತು ಉರುಲು ಮಾಡುತ್ತಿದ್ದವಳು ಅವ್ವ. ಅದೂ ರಾಗಿ ಬೀಸಿ, ಕೊಟ್ಟಿಗೆ ಬಳಿದು, ಎಲ್ಲರಿಗೂ ಮುದ್ದೆ ಹಾಕಿದ ಮೇಲೆ. ತೊಡೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿರುತ್ತಿತ್ತು.

ನನಗೆ ಹನ್ನೊಂದಾದ ವರ್ಷ ನನ್ನನ್ನು ಸ್ಕೂಲು ಬಿಡಿಸಿದ್ದರು, ಐದನೇ ಕ್ಲಾಸಿಗೆ. ಹಾಗಾಗಿ ದೀಮ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅದಕ್ಕೆ ತಿನ್ನಲು ಗೆದ್ದಲು ಬೇಕು. ಸಂಜೆ ಹಳೇ ಮಡಕೆಗೆ ಸಗಣಿ, ರಾಗಿಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತದ ಪಕ್ಕ ಬೋರಲು ಹಾಕಿ ಬರಬೇಕು. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ಬಿಳೀ ಹುಳ ಮುತ್ತಿಕೊಂಡಿರುತ್ತಿತ್ತು. ಆ ಹಸಿ ಸಗಣಿ ಮಣ್ಣಿನ ವಾಸನೆ ಎಷ್ಟು ತೊಳೆದರೂ ಕೈಬಿಡುತ್ತಿರಲಿಲ್ಲ. ಓರಗೆಯ ಹುಡುಗಿಯರು ಹೊಂಗೆ ಮರದ ಕೆಳಗೆ ಕುಂಟೆಬಿಲ್ಲೆ ಆಡುವಾಗ ನಾನು ಗೂಡು ಹೊತ್ತು ಹೊಲಕ್ಕೆ ಹೋಗುತ್ತಿದ್ದೆ.

ನನಗೆ ಇದ್ದದ್ದು ಒಂದೇ ಆಸೆ. ಕಾಡು ಗೌಜಲು ನನ್ನ ದೀಮದ ಮೇಲೆ ಏರಿ ಬರುವುದನ್ನು ಕಣ್ಣಾರೆ ನೋಡಬೇಕು. ಒಂದು ದಿನ ಕೇಳಿಯೂ ಬಿಟ್ಟೆ.

"ತಾತ, ಈ ಸತಿ ನಾನೂ ಬತ್ತೀನಿ."

"ಎಲ್ಗಮ್ಮಿ?"

"ಗುಡ್ಡಕ್ಕೆ."

ಪಕ್ಕದಲ್ಲಿ ಗೂಟ ಕೆತ್ತುತ್ತಿದ್ದ ಚಿಕ್ಕಪ್ಪ ನಕ್ಕ. "ಎಣ್ಣೈಕ್ಳು ಬ್ಯಾಟೆಗೆ ಬಂದ್ರೆ ಒಂದು ಪುಕ್ಕನೂ ಬೀಳಾಕಿಲ್ಲ. ಮುದ್ದೆ ತಿರುವಾದು ಕಲ್ತ್ಕೊ ಓಗು."

"ಉರ್ಲು ಒಸ್ದಿರಾದು ಅವ್ವ. ಉಳ ಆಕಿರಾದು ನಾನು. ಅದುಕ್ಕೆಲ್ಲ ಬೀಳ್ತದೆ, ನಾನು ಬಂದ್ರೆ ಮಾತ್ರ ಬೀಳಾಕಿಲ್ವ?"

"ನಾಲ್ಗೆ ನೋಡ್ಲಾ ಇದುರ್ದು!" ಅಂದ ತಾತ. ಅಲ್ಲಿಗೆ ಆ ಮಾತು ಮುಗಿಯಿತು.

ದೀಮ ದಿನಾ ಕೂಗಬೇಕು, ಕೂಗದಿದ್ದರೆ ನೀನೇ ಕೂಗಿ ಕೂಗಿಸು ಎಂದು ತಾತ ಹೇಳಿಕೊಟ್ಟಿದ್ದ. ನಾಲಿಗೆಯನ್ನು ಅಂಗುಳಕ್ಕೊತ್ತಿ, ಗಂಟಲಿನಿಂದ "ಕಿಟ್ಟೀಟ್ರ, ಕಿಟ್ಟೀಟ್ರ" ಎಂದು ಎಳೆಯಬೇಕು. ವಾರದಲ್ಲಿ ಕಲಿತೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹಕ್ಕಿ ನನ್ನ ಕೂಗಿಗೆ ಕಾಯುತ್ತಿತ್ತು. ನಾನು ಕೂಗಿದರೆ ಅದೂ ಕೂಗುತ್ತಿತ್ತು, ಸುಮ್ಮನಿದ್ದರೆ ಅದೂ ಸುಮ್ಮನೆ. ತಾತನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದದ್ದು ಮಾತ್ರವಲ್ಲ, ಅದು ತಾನಾಗಿ ಕೂಗಲು ಕತ್ತು ಚಾಚಿದರೆ ಗೂಡಿನ ಮೇಲೆ ಬಟ್ಟೆ ಎಳೆಯುತ್ತಿದ್ದೆ. ನಾನು ಕೂಗಿದ ಮೇಲೆ ಕೂಗಿದರೆ ಹುಳ ಹಾಕುತ್ತಿದ್ದೆ. ಕೆಟ್ಟ ಬುದ್ಧಿ ಅನ್ನಿ, ಹೌದು. ಹನ್ನೊಂದು ವರ್ಷದವಳಿಗೆ ಗುಡ್ಡಕ್ಕೆ ಹೋಗಲು ಬೇರೆ ಯಾವ ದಾರಿ ಇತ್ತು?

ಯುಗಾದಿಗೆ ನಾಲ್ಕು ದಿನ ಇರುವಾಗ ತಾತ ಮತ್ತು ಚಿಕ್ಕಪ್ಪ ದೀಮವನ್ನು ಗುಡ್ಡಕ್ಕೆ ಒಯ್ದು ನೋಡಿಬಂದರು. ತಾತ ಗೂಡನ್ನು ಜಗುಲಿಯ ಮೇಲೆ ಕುಕ್ಕಿದ.

"ಮೂಗ ಆಗದೆ ಬಡ್ಡೆತ್ತದು. ಒಂದ್ಸತಿನೂ ಬಾಯಿ ಬುಡ್ನಿಲ್ಲ."

"ಇನ್ಯಾಕದು? ಕುಯ್ದು ಸಾರ್ಗೆ ಆಕನ," ಅಂದ ಚಿಕ್ಕಪ್ಪ.

ಇದನ್ನು ನಾನು ಯೋಚಿಸಿರಲಿಲ್ಲ. ಹಕ್ಕಿಯ ಮೇಲೆ ಮಮತೆ ಅಂತಲ್ಲ. ಅದು ಸಾರಿಗೆ ಹೋದರೆ ನಾನು ಗುಡ್ಡಕ್ಕೆ ಹೋಗುವುದು ಹೇಗೆ? ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು ಅಲ್ಲಿಂದಲೇ ಕೂಗಿದೆ. ಜಗುಲಿಯಿಂದ ದೀಮ ಗಂಟಲು ಹರಿಯುವ ಹಾಗೆ ಉತ್ತರ ಕೊಟ್ಟಿತು.

ತಾತ ಎಲೆಅಡಿಕೆ ಉಗಿದ. "ಇನ್ನೊಂದ್ಸತಿ ಕೂಗಮ್ಮಿ." ಕೂಗಿದೆ. ಮತ್ತೆ ಉತ್ತರ.

ಚಿಕ್ಕಪ್ಪನಿಗೆ ತಾತನ ಯೋಚನೆ ಗೊತ್ತಾಯಿತು. "ಬ್ಯಾಡ ಕಣಪ್ಪೋ. ಎಣ್ಮಗ ಕರ್ಕೊಂಡೋದ್ರೆ ಊರೋರು ಏನಂದಾರು?"

"ಬರಿಗೈಲಿ ಬಂದ್ರೆ ಏನಂದಾರು, ಅದ ಯೋಳು ಮದ್ಲು."

ಅವ್ವ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು, "ಓಗ್ಲಿ ಬುಡಿ ಮಾವ. ಒಂದ್ಸತಿ ಓಗ್ಬುಟ್ ಬರ್ಲಿ."

ಹೊಸತೊಡಕಿನ ಬೆಳಿಗ್ಗೆ ನನಗೆ ಚಿಕ್ಕಪ್ಪನ ಅಂಗಿ ತೊಡಿಸಿ, ಜಡೆಯನ್ನು ಟವೆಲಿನ ಪೇಟದೊಳಗೆ ಮುಚ್ಚಿದರು. ಗುಡ್ಡ ತಲುಪುವಷ್ಟರಲ್ಲಿ ಮೂಡಣ ಬೆಳ್ಳಗಾಗುತ್ತಿತ್ತು. ತಾತ ಗೂಡನ್ನಿಟ್ಟು ಸುತ್ತ ಉರುಲು ನೆಟ್ಟ. ನನ್ನನ್ನು ಹತ್ತು ಹೆಜ್ಜೆ ಆಚೆ ಒಂದು ತಂಗಡಿ ಗಿಡದ ಹಿಂದೆ ಬೋರಲು ಮಲಗಿಸಿ, ಮೇಲೆ ತನ್ನ ಕಂಬಳಿ ಹೊದಿಸಿದ.

"ತಲೆ ಎತ್ತಿದ್ರೆ ಉಣ್ಸೆ ಬರ್ಲು ಮುರೀತೀನಿ. ಕೂಗು."

ಕಂಬಳಿಯೊಳಗೆ ಕುರಿ, ಬೆವರು, ಹೊಗೆಸೊಪ್ಪು ಎಲ್ಲ ಸೇರಿದ ವಾಸನೆ. ಮೂಗಿನ ಮುಂದೆ ನೊರಜುಗಲ್ಲು, ಒಂದು ಇರುವೆ. ಕೂಗಿದೆ. ದೀಮ ಕೂಗಿತು. ದೂರದಲ್ಲಿ ಇನ್ನೊಂದು ಕೂಗಿತು. ಮತ್ತೆ ಕೂಗಿದೆ, ಅದು ಹತ್ತಿರ ಬಂತು, ಇನ್ನೂ ಹತ್ತಿರ. ಒಣ ಎಲೆ ಚರಚರ ಅಂದಿತು. ಆಮೇಲೆ ರೆಕ್ಕೆ ಬಡಿತ, ಚಿಕ್ಕಪ್ಪ ಓಡಿದ ಸದ್ದು.

"ಬಿತ್ತು ಕಣಪ್ಪೋ!"

"ತಾತ, ನಾನೂ ನೋಡ್ಲಾ?"

"ಮಲೀಕೊ. ಕೂಗು."

ಐದು ಸಲ ಹೀಗೇ ಆಯಿತು. ಬಿಸಿಲೇರಿ ಕಂಬಳಿಯೊಳಗೆ ನಾನು ಬೆಂದುಹೋದೆ. ಗಂಟಲು ಕಟ್ಟಿತು. ಏಳು ಅಂದಾಗ ಉರುಲೆಲ್ಲ ಸುತ್ತಿಟ್ಟಾಗಿತ್ತು. ಐದು ಹಕ್ಕಿಯೂ ಚಿಕ್ಕಪ್ಪನ ಚೀಲದೊಳಗಿದ್ದವು. ಚೀಲ ಬಿಚ್ಚಿ ತೋರಿಸು ಅಂದರೆ, "ಮನೇಲಿ ನೋಡೀವಂತೆ ನಡಿ" ಅಂದ.

ಮನೆಯ ಹಿತ್ತಲಲ್ಲಿ ಅವ್ವ ಪುಕ್ಕ ಕೀಳಲು ಕೂತಳು. ಒಲೆಯ ಮೇಲೆ ಹುರಿದ ಕೊತ್ತಂಬರಿ ಬೀಜದ ಘಮ. ನಾನು ಮುಖ ಊದಿಸಿಕೊಂಡು ಪಕ್ಕದಲ್ಲಿ ಕೂತೆ.

"ಏನ್ ನೋಡ್ದೆ ಗುಡ್ಡದಲ್ಲಿ?" ಅಂದಳು.

ಬೇರೆಯವರಾಗಿದ್ದರೆ ಸುಳ್ಳು ಹೇಳುತ್ತಿದ್ದೆ. "ನೆಲ ನೋಡ್ದೆ," ಅಂದೆ.

ಅವ್ವ ನಗಲು ಶುರುಮಾಡಿದಳು. ಅವಳು ನಗುವ ಹೆಂಗಸಲ್ಲ. ಕೈಯಲ್ಲಿದ್ದ ಹಕ್ಕಿ ಜಾರಿ ಬಿತ್ತು, ಪುಕ್ಕ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ನಾನೂ ಎಲ್ಡು ಯುಗಾದಿ ಅದೇ ನೆಲ ನೋಡಿವ್ನಿ ಕಣಮ್ಮಿ. ಬಂಡೂರಲ್ಲಿ, ನಮ್ಮಪ್ಪನ ಕಂಬ್ಳಿ ಒಳ್ಗೆ. ಮೂಗಿನ ಮುಂದೆ ಒಂದು ಇರುವೆ ಇತ್ತು."

"ನಂಗೂ ಇರುವೆ ಇತ್ತು!"

"ಇದ್ದೇ ಇರ್ತದೆ."

"ಮದ್ಲೇ ಯಾಕೆ ಯೋಳ್ನಿಲ್ಲ ನೀನು?"

"ಯೋಳಿದ್ರೆ ಓಗ್ದೆ ಬುಡ್ತಿದ್ಯಾ?"

ಬಿಡುತ್ತಿರಲಿಲ್ಲ. ಇಬ್ಬರೂ ಸೇರಿ ನಕ್ಕೆವು. ಜಗುಲಿಯಿಂದ ಚಿಕ್ಕಪ್ಪ "ಏನ್ರವ್ವ ಅದು ಕಿಸಿಕಿಸಿ, ಒಟ್ಟೆ ಅಸೀತಾ ಅದೆ" ಎಂದು ಕೂಗಿದ. ಅದಕ್ಕೂ ನಕ್ಕೆವು. ಮುಂದೆ ಎರಡು ವರ್ಷ ನನ್ನನ್ನು ಕರೆದೊಯ್ದರು, ಅದೇ ಕಂಬಳಿ, ಅದೇ ನೆಲ. ದೊಡ್ಡವಳಾದ ಮೇಲೆ ಅದೂ ನಿಂತಿತು. ಉರುಲು ಹೊಸೆಯುವ ಕೆಲಸ ಮಾತ್ರ ಕೈಗೆ ಬಂತು.

ಈಗ ಗೌಜಲು ಹಿಡಿದರೆ ಕೇಸು ಹಾಕುತ್ತಾರೆ. ಹಾಕಲಿ, ಸರಿಯಾದದ್ದೇ. ಗುಡ್ಡದ ಅರ್ಧವನ್ನು ಜಲ್ಲಿ ಮಿಷನ್ನು ತಿಂದು ಮುಗಿಸಿದೆ. ಹೊಸತೊಡಕಿನ ಬೆಳಿಗ್ಗೆ ನನ್ನ ಮಗ ಮಟನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಎರಡು ಕೆ.ಜಿ. ತರುತ್ತಾನೆ. ಮಿಕ್ಸಿಯಲ್ಲಿ ಖಾರ ರುಬ್ಬಿದರೆ ಅಡಿಗೆ ಆಯಿತು. ಯಾರ ತೊಡೆಯೂ ಕೆಂಪಾಗುವುದಿಲ್ಲ. ಆ ಕಾಲ ಮತ್ತೆ ಬೇಕೆಂದು ನಾನು ಕೇಳುವುದಿಲ್ಲ, ಮಾಡಿ ಸಾಕಾಗಿದೆ.

ಈ ಸಲ ಅಡಿಗೆ ಮನೆಯಲ್ಲಿ ಮೊಮ್ಮಗಳು ಕೇಳಿದಳೆಂದು ಇದನ್ನೆಲ್ಲ ಹೇಳಿದೆ. ಅಷ್ಟೆಲ್ಲ ಮಾಡಿ ಗುಡ್ಡಕ್ಕೆ ಹೋಗಿ ಬರೀ ನೆಲ ನೋಡಿ ಬಂದೆ ಅಂದಾಗ ಅವಳು ನನ್ನ ಕೈ ಹಿಡಿದು, "ಅಯ್ಯೋ, ಪಾಪ ಅಜ್ಜಿ" ಅಂದಳು.

ಪಾಪವಂತೆ. ಅದು ನಗುವ ಜಾಗ. ಅಲ್ಲಿ ನಗಬೇಕೆಂದು ಗೊತ್ತಿದ್ದವಳು ಅವ್ವ ಒಬ್ಬಳೇ, ಅವಳೂ ಹೋದಳು.