ಮೂಲೆ ಒಡೆದ ಫರಸಿ ಕಲ್ಲು

ರೇಷ್ಮಾ, ನಿನಗೆ ಓದಲು ಬರುವುದಿಲ್ಲವೆಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಅದನ್ನು ಮುಚ್ಚಿಟ್ಟವಳೂ ನಾನೇ — ನಿನ್ನ ಟೀಚರು. ಆಗ ನೀನು ಎರಡನೆಯ ತರಗತಿಯಲ್ಲಿದ್ದೆ.

ರಾವೂರಿನ ಶಾಲೆಗೆ ಬಂದ ಹೊಸತರಲ್ಲಿ ನನಗೆ ಎಲ್ಲಿಲ್ಲದ ಹುರುಪು. ಆಟದಲ್ಲೇ ಓದು ಕಲಿಸುತ್ತೇನೆಂಬ ಹಟ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪಾಲಿಶ್ ಮಾಡುವಲ್ಲಿ ಕೂಲಿಗೆ ಹೋಗುತ್ತಿದ್ದ ನಿನ್ನ ಅಮ್ಮಿ, ಮುರಿದು ಬಿದ್ದ ಕಲ್ಲಿನ ಚೂರುಗಳನ್ನು ಸೆರಗಿನಲ್ಲಿ ಕಟ್ಟಿ ತಂದುಕೊಟ್ಟಳು. ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದು ಅಂಗಳದಲ್ಲಿ ಹರಡಿದೆ. ನಾನು ‘ಮ’ ಎಂದು ಕೂಗಿದರೆ ಆ ಕಲ್ಲು ತರಬೇಕು. ‘ಮ’, ‘ರ’ ಎಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ‘ಮರ’ ಎನ್ನಬೇಕು. ನಿನ್ನಷ್ಟು ಚುರುಕಾಗಿ ಯಾರೂ ತರುತ್ತಿರಲಿಲ್ಲ. ನನಗೋ, ಹೆಮ್ಮೆ ನೆತ್ತಿಗೇರಿತ್ತು.

ಅಕ್ಷರಗಳ ಬಣ್ಣ ಮಾಸಿತೆಂದು ಒಂದು ದಿನ ಎಲ್ಲವನ್ನೂ ತಿಕ್ಕಿ ತೊಳೆದು, ಕೈಗೆ ಸಿಕ್ಕ ಕಲ್ಲಿನ ಮೇಲೆ ಸಿಕ್ಕ ಅಕ್ಷರ ಬರೆದೆ. ಮರುದಿನ ‘ಮ’ ಎಂದೆ. ನೀನು ಓಡಿಹೋಗಿ, ಮೊದಲು ‘ಮ’ ಇದ್ದ ಮೂಲೆ ಒಡೆದ ಕಲ್ಲನ್ನೇ ತಂದೆ. ಅದರ ಮೇಲೆ ಈಗ ‘ಗ’ ಇತ್ತು. ‘ರ’ ಎಂದೆ — ಮತ್ತೆ ಹಳೆಯ ಕಲ್ಲೇ. ಅಲ್ಲಿಯವರೆಗೂ ನೀನು ಕಲ್ಲಿನ ಗುರುತು ಹಿಡಿಯುತ್ತಿದ್ದೆ. ಅಕ್ಷರ ಒಂದೂ ಗೊತ್ತಿರಲಿಲ್ಲ.

ತಪ್ಪು ಆಟದ್ದು, ಎಂದರೆ ನನ್ನದು. ತಿದ್ದಬಹುದಿತ್ತು. ಆದರೆ ಎರಡೇ ದಿನದಲ್ಲಿ ಚಿತ್ತಾಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಆಟ ನೋಡಲು ಬರುವವರಿದ್ದರು… ಶಾಲೆ ಬಿಟ್ಟ ಮೇಲೆ ಒಬ್ಬಳೇ ಕುಳಿತು, ನೆನಪು ಮಾಡಿ ಮಾಡಿ, ಹಳೆಯ ಕಲ್ಲಿಗೆ ಹಳೆಯ ಅಕ್ಷರವನ್ನೇ ತಿರುಗಿ ಬರೆದೆ. ಸಾಹೇಬರ ಮುಂದೆ ನೀನು ಒಂದೂ ತಪ್ಪಲಿಲ್ಲ. ಶಾಲು ನನಗೆ ಹೊದೆಸಿದರು. ಧೂಳು ಮೆತ್ತಿದ ಕೈಯಲ್ಲೇ ಬಂದ ನಿನ್ನ ಅಮ್ಮಿ ಕೇಳಿದಳು:

“ಟೀಚರ್, ನಮ್ಮ ರೇಷ್ಮಾಗ ಖರೇನೇ ಓದ್ಲಿಕ್ಕ ಬರ್ತದೇನ್ರಿ?”

“ಭಾಳ ಛಲೋ ಓದ್ತಾಳವ್ವ.”

ಅಷ್ಟೇ ಅಂದೆ. ನಾಳೆ ಕಲಿಸಿದರಾಯಿತು, ಮುಂದಿನ ವಾರ… ಬೇಸಿಗೆ ರಜೆಯಲ್ಲಿ ನನಗೆ ವಾಡಿಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವರಿಗೂ ಹೇಳಲಿಲ್ಲ. ಆ ಶಾಲು ಪೆಟ್ಟಿಗೆಯಲ್ಲೇ ಇದೆ, ಒಮ್ಮೆಯೂ ಹೊದ್ದಿಲ್ಲ.

ಹೋದ ವಾರ ವಾಡಿಯ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ, ಕಂಕುಳಲ್ಲಿ ಮಗು. ದೊಡ್ಡ ಅಕ್ಷರದ ಬೋರ್ಡು ಕಣ್ಣೆದುರಿಗೇ ಇದ್ದರೂ, “ಈ ಬಸ್ ಕಾಳಗಿಗಿ ಹೋಗ್ತದೇನ್ರಿ?” ಎಂದು ನೀನು ನನ್ನನ್ನೇ ಕೇಳಿದೆ. ಗುರುತು ಹತ್ತಿದ ಮೇಲೆ ಎಷ್ಟು ಖುಷಿ ನಿನಗೆ! ಕಾಳಗಿಯಲ್ಲಿ ಗಂಡನ ಮನೆ ಎಂದೆ ನೀನು. ಆಮೇಲೆ ನಾಚಿಕೊಂಡು ಹೇಳಿದೆ: “ನೀವು ಭಾಳ ಛಲೋ ಕಲಿಸ್ತಿದ್ರಿ ಟೀಚರ್. ನನ್ನ ತಲ್ಯಾಗೇ ಏನೂ ಹತ್ತಲಿಲ್ರಿ.”

ಇಷ್ಟು ವರ್ಷ ನಿನ್ನನ್ನೇ ದಡ್ಡಿ ಎಂದುಕೊಂಡು ಬಂದಿದ್ದೀಯ. ಅದು ಸುಳ್ಳೆಂದು ಗೊತ್ತಿದ್ದೂ ನಾನು ಮಗುವಿನ ಕೆನ್ನೆ ಸವರಿ, ಹೌದು, ಇದೇ ಬಸ್ಸು ಎಂದು ಹತ್ತಿಸಿ ಕಳಿಸಿದೆ.

ದಣಿದಿದ್ದೇನೆ ರೇಷ್ಮಾ. ಇದನ್ನು ಬರೆಯುವ ಧೈರ್ಯ ಬಂದದ್ದೂ — ನೀನು ಓದಲಾರೆ ಎಂದು ಗೊತ್ತಿರುವುದರಿಂದ. ಅದೂ ಹೇಡಿತನವೇ. ಈ ಭಾನುವಾರ ಕಾಳಗಿಯ ಬಸ್ಸು ಹತ್ತುತ್ತೇನೆ. ನಿನ್ನೆದುರು ಕುಳಿತು ಈ ಹಾಳೆಯನ್ನು ನಾನೇ ಓದಿ ಹೇಳುತ್ತೇನೆ. ಆಮೇಲೆ ನೀನು ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ. ನೀನು ದಡ್ಡಿಯಲ್ಲ ಎಂಬ ಮಾತು ನನ್ನ ಬಾಯಿಂದಲೇ ನಿನ್ನ ಕಿವಿಗೆ ಬೀಳಬೇಕು.